ಬೆನ್ನ ಹಿಂದಕ್ಕೆ ತೋರಿಸುತ್ತಿದ್ದ ಹೆಬ್ಬೆರಳು

ಇಡೀ ತುಮಕೂರು ಜಿಲ್ಲೆಯಲ್ಲಿ ತಪ್ಪು ಮಾಡಿದ ಯಾರೊಬ್ಬರೂ ಅದನ್ನು ಬೇಕೆಂದು ಮಾಡಿದವರಲ್ಲ ಎಂದು ನಂಬಿದ್ದವರೊಬ್ಬರು ನಮ್ಮ ವಠಾರದಲ್ಲಿದ್ದರು. ಈ ರಿಯಾಯಿತಿ ಸಿಗದೆ ಹೋದವರು ಒಬ್ಬರೇ, ಅವರ ಹೆಂಡತಿ.

ಹೋದ ತಿಂಗಳು ಕುಣಿಗಲ್ಲಿನಲ್ಲಿ, ಮಗಳ ಮನೆಯಲ್ಲಿ, ಆ ಯಜಮಾನರು ತೀರಿಕೊಂಡರೆಂದು ತಿಳಿದಾಗ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಕೈ ತಾನಾಗಿ ನಿಂತಿತು. ‘ತಾನಾಗಿ’ ಎಂದು ಬರೆದಿದ್ದೇನೆ ನೋಡಿ. ಇದ್ದಿದ್ದರೆ ಅವರಿಗೆ ಸಂತೋಷವಾಗುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಚಿಕ್ಕಪೇಟೆಯ ಆ ವಠಾರದಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ. ನಡುವೆ ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ಇಂಥ ಕಡೆ ಯಾರ ಸಂಸಾರವೂ ಯಾರಿಗೂ ಗುಟ್ಟಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರನ್ನು ಏನೂ ಅನ್ನುತ್ತಿರಲಿಲ್ಲ, ತಲೆಯ ಮೇಲೆ ಸೆರಗು ಎಳೆದುಕೊಂಡು ದಾರಿ ಬಿಡುತ್ತಿದ್ದೆ. ಎತ್ತರದ ಆಳು, ತೆಳ್ಳಗೆ. ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ. ನಶ್ಯದ ಅಭ್ಯಾಸ. ಆ ಕರವಸ್ತ್ರಗಳನ್ನು ಅಕ್ಕ ಬೇರೆ ಬಕೆಟ್ಟಿನಲ್ಲಿ ನೆನೆಸಿ, ಮೂಗು ಆಚೆ ತಿರುಗಿಸಿಕೊಂಡು ಒಗೆಯುತ್ತಿದ್ದರು.

ಅಕ್ಕನ ಯಜಮಾನರದು ಪ್ರೊಬೇಷನ್ ಆಫೀಸರ್ ಕೆಲಸ. ಎಳೆ ವಯಸ್ಸಿನವರು ಮೊದಲ ಸಲ ಕಳ್ಳತನದಂಥದ್ದರಲ್ಲಿ ಸಿಕ್ಕಿ, ತಪ್ಪು ರುಜುವಾತಾದ ಮೇಲೆ, ಶಿಕ್ಷೆ ಹೇಳುವ ಮೊದಲು ಕೋರ್ಟಿನವರು ಇವರನ್ನು ಕೇಳುತ್ತಿದ್ದರಂತೆ: ಹುಡುಗ ಎಂಥವನು, ಜೈಲಿಗೇ ಹೋಗಬೇಕೋ, ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಬಹುದೋ? ಇವರು ಹೋಗಿ ಮನೆ ನೋಡಿಬಂದು ವರದಿ ಕೊಡಬೇಕು. ಬೇರೆಯವರಾದರೆ ಊರಿನ ಪಟೇಲರ ಮನೆಯ ಜಗುಲಿಯಲ್ಲಿ ಕೂತು ನಾಲ್ಕು ಜನರನ್ನು ಕೇಳಿ ಬರೆದುಬಿಡುತ್ತಿದ್ದರೇನೋ. ಇವರು ನೇರವಾಗಿ ಅಡುಗೆಮನೆಗೆ ಹೋಗುತ್ತಿದ್ದರು. ಒಲೆ ನೋಡುವರು, ಮಡಕೆಯ ಮುಚ್ಚಳ ಎತ್ತುವರು, ಆ ಮನೆಯಲ್ಲಿ ಏನಿದೆಯೋ ಅದನ್ನು ಕೇಳಿ ತಿನ್ನುವರು. “ಉಂಡ ಮೇಲೇ ಬರೆಯೋದು. ಕಳ್ಳನ ಹುಟ್ಟು ಅವನ ಮನೆ ಒಲೆ ಹತ್ರ” ಎನ್ನುತ್ತಿದ್ದರು. ಯಾರಾದರೂ, “ಅಲ್ಲ ಸ್ವಾಮಿ, ಕದ್ದವನು ಅವನೇ ತಾನೇ?” ಎಂದರೆ ಬಲಗೈ ಹೆಬ್ಬೆರಳನ್ನು ಭುಜದ ಮೇಲಿಂದ ಬೆನ್ನ ಹಿಂದಕ್ಕೆ ತೋರಿಸುವರು. “ಹಿಂದೆ ನೋಡಿ, ಹಿಂದೆ.” ವಠಾರದ ಮಕ್ಕಳು ಅವರಿಗೆ ‘ಹಿಂದೆ-ನೋಡಿ ಮಾವ’ ಎಂದು ಹೆಸರಿಟ್ಟಿದ್ದವು. ಮಕ್ಕಳನ್ನು ಬೈದರೆ, ತಪ್ಪು ಅವರದಲ್ಲ, ತಾಯಂದಿರಾದ ನಮ್ಮದು ಎಂದು ಅವರೇ ನಮಗೆ ತಿಳಿಹೇಳುತ್ತಿದ್ದರು.

ಕೋರ ಎಂಬ ಹಳ್ಳಿಯ ಕಡೆಯಿಂದ ಸೈಕಲ್ ಮೇಲೆ ಬರುತ್ತಿದ್ದ ಹಾಲಿನವನು ನೀರು ಬೆರೆಸುವುದು ಎಲ್ಲರಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ನಾವೆಲ್ಲ ಹೆಂಗಸರು ಸೇರಿ ಅವನನ್ನು ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿದೆವು. ಇವರು ಒಳಗಿನಿಂದ ಬಂದರು.

“ಬಿಡ್ರಮ್ಮ ಅವನನ್ನ. ನೀರು ಹಾಕಿದ್ದು ಅವನ ಕೈ ಇರಬಹುದು, ಹಾಕ್ಸಿದ್ದು ಅವನಲ್ಲ. ಹಿಂಡಿ ರೇಟು ಏನಾಗಿದೆ ಗೊತ್ತಾ? ಮನೇಲಿ ಎಷ್ಟು ಜನ ಉಣ್ಣೋರು ಗೊತ್ತಾ?” ಹೆಬ್ಬೆರಳು ಹಿಂದಕ್ಕೆ ಹೋಯಿತು. “ಹಿಂದೆ ನೋಡಿ.”

ಹಾಲಿನವನು ನಿಜಕ್ಕೂ ಹಿಂದಕ್ಕೆ ತಿರುಗಿ ನೋಡಿದ. ಅಲ್ಲಿ ನಲ್ಲಿ ಇತ್ತು.

ಅರ್ಧ ಗಂಟೆ ಕಳೆದಿರಲಿಲ್ಲ, ಎದುರು ಮನೆಯಿಂದ ಅದೇ ದನಿ: “ಏನೇ ಇದು, ಕಾಫಿನೋ ಕಲಗಚ್ಚೋ? ಬೇಕು ಅಂತಲೇ ಮಾಡ್ತೀಯಾ ನೀನು!”

ಅಕ್ಕ ನಲ್ಲಿಗೆ ಬಂದಾಗ ನನ್ನ ಕಡೆ ನೋಡಿ, ಸೆರಗಿನ ಮರೆಯಲ್ಲಿ ಹೆಬ್ಬೆರಳನ್ನು ಹಿಂದಕ್ಕೆ ಮಾಡಿದರು. ನನಗೆ ಕೊಡ ಕೈತಪ್ಪುವಷ್ಟು ನಗು.

ಇನ್ನೊಂದು ಸಲ ಅವರ ಕೊಡೆಯೇ ಕಳುವಾಯಿತು. ಬಾಗಿಲ ಪಕ್ಕ ಒರಗಿಸಿದ್ದು ಬೆಳಗಾಗುವುದರೊಳಗೆ ಇಲ್ಲ. “ಯಾವನೋ ಬದ್ಮಾಷ್!” ಎಂದು ಅವರ ಬಾಯಿಂದ ಬಂದದ್ದನ್ನು ನಾನು ಈ ಕಿವಿಯಲ್ಲಿ ಕೇಳಿದ್ದೇನೆ. ವಠಾರ ಪೂರ್ತಿ ಕಿವಿಯಾಯಿತು. ಅವರು ಸ್ವಲ್ಪ ಹೊತ್ತು ಅತ್ತಿಂದಿತ್ತ ನಡೆದರು, ಒಂದು ಚಿಟಿಕೆ ನಶ್ಯ ಏರಿಸಿದರು, ಮುಖ ತಿಳಿಯಾಯಿತು. “ಪಾಪ, ಅವನ ಕಣ್ಣಿಗೆ ಬೀಳೋ ಹಾಗೆ ಕೊಡೇನ ಹೊರಗೆ ಬಿಟ್ಟಿದ್ದು ಯಾರು?” ಎಂದು ಒಳಗೆ ನೋಡಿದರು. ಕಾರಣ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿತ್ತು.

ನಗೆಗೆ ಹೀಗೆ ಬರೆಯುತ್ತಿದ್ದೇನೆ. ಆದರೆ ಅವರು ಎಷ್ಟೋ ಹುಡುಗರನ್ನು ಜೈಲಿನ ಬಾಗಿಲಿಂದ ವಾಪಸು ಕರೆತಂದಿದ್ದರು. ಹಬ್ಬದ ದಿನ ಹಣ್ಣು ಹಿಡಿದು ಬಂದು ಕಾಲಿಗೆ ಬೀಳುವವರಿದ್ದರು. “ಒಳಗೆ ಹೋದರೆ ಕಳ್ಳ ಆಗೇ ಆಚೆ ಬರ್ತಾನೆ ಕಣಮ್ಮ, ಅಲ್ಲಿರೋ ಮೇಷ್ಟ್ರುಗಳು ಅಂಥವರು” ಎನ್ನುವಾಗ ಅವರ ಕಣ್ಣು ಸಣ್ಣದಾಗುತ್ತಿತ್ತು. ಒಂದೇ ತೊಂದರೆ ಎಂದರೆ, ಯಾವ ಮನೆಗೆ ಹೋದರೂ ಅವರಿಗೆ ಅಲ್ಲಿ ಕಾರಣ ಸಿಕ್ಕೇ ಸಿಗುತ್ತಿತ್ತು. ಮನೆ ಕೊಳಕಾಗಿದ್ದರೆ ಅಲಕ್ಷ್ಯ. ಚೊಕ್ಕಟವಾಗಿದ್ದರೆ ಅತಿ ಶಿಸ್ತು. ತಿಂಡಿ ಇಲ್ಲದಿದ್ದರೆ ಬಡತನ, ಇದ್ದರೆ ಮುದ್ದು.

ನಿಟ್ಟೂರಿನ ಮನೆ ಮಾತ್ರ ಅವರಿಗೆ ದಕ್ಕಲಿಲ್ಲ.

ಆ ಮನೆಯ ಹೆಂಗಸು ಪುರಿಭಟ್ಟಿ ನಡೆಸುತ್ತಿದ್ದಳು. ಮರಳು ಕಾಯಿಸಿ, ಅಕ್ಕಿ ಹುರಿದು ಪುರಿ ಮಾಡಿ, ಮೂಟೆ ಕಟ್ಟಿ ಗುಬ್ಬಿ ಸಂತೆಗೆ ರೈಲಿನಲ್ಲಿ ಒಯ್ಯುವುದು. ಮಗ ಹೊಟ್ಟೆಯಲ್ಲಿರುವಾಗಲೇ ಗಂಡ ತೀರಿಹೋಗಿದ್ದ. ಮಗನಿಗೆ ಈಗ ಹತ್ತೊಂಬತ್ತು. ಗುಬ್ಬಿ ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಸಾಬರೊಬ್ಬರಿದ್ದರು. ಅವರು ಯಾರಿಂದಲೂ ಅಡವು ಇಟ್ಟುಕೊಳ್ಳುತ್ತಿರಲಿಲ್ಲ. “ಯಾರ ಮಗನಪ್ಪ?” ಎಂದು ಕೇಳುವುದು, ಹೆಸರು ಗೊತ್ತಿದ್ದರೆ ಸೈಕಲ್ ಕೊಡುವುದು, ಅಷ್ಟೇ. ಪುರಿಯಮ್ಮನ ಮಗ ಎಂದಾಗ ಅವರು ಹೊಸ ಸೈಕಲ್ಲನ್ನೇ ಒರೆಸಿ ಕೊಟ್ಟರಂತೆ. ಒಂದು ಗಂಟೆಗೆಂದು ತೆಗೆದುಕೊಂಡು ಹೋದ ಹುಡುಗ ಕುಣಿಗಲ್ಲಿನ ತನಕ ಹೋಗಿ, ಅಲ್ಲಿ ಅದನ್ನು ಮಾರಿಬಿಟ್ಟ. ಪೊಲೀಸರು ಹಿಡಿದರು. ಕೋರ್ಟಿನಲ್ಲಿ, ಮಾಡಿದ್ದು ಹೌದು ಎಂದ. ಜಾಮೀನಿನ ಮೇಲೆ ಮನೆಯಲ್ಲಿದ್ದ. ಇನ್ನು ಉಳಿದಿದ್ದು ಇವರ ವರದಿ.

ಮೊದಲ ಸಲ ಇವರು ಒಬ್ಬರೇ ಹೋದರು. ಬಾಗಿಲಲ್ಲೇ, “ಮಗನ್ನ ಚಿಕ್ಕಂದಿನಲ್ಲಿ ಹೊಡೀತಿದ್ದೆಯೇನಮ್ಮ?” ಎಂದು ಕೇಳಿದರಂತೆ. ಆಕೆ ಮರಳು ಕೆದಕುವ ಸೌಟು ಹಿಡಿದೇ ಆಚೆ ಬಂದಳಂತೆ. ಅಡುಗೆಮನೆ ನೋಡದೆ ಅವರು ವಾಪಸು ಬಂದದ್ದು ಅದೇ ಮೊದಲು. ಎರಡನೆಯ ಸಲ, ಹೆಂಗಸರು ಜೊತೆಗಿದ್ದರೆ ಆಕೆ ಒಳಗೆ ಬಿಟ್ಟಾಳು ಎಂದು ಅಕ್ಕನನ್ನು ಹೊರಡಿಸಿದರು. ಅಕ್ಕ ನನ್ನನ್ನು ಹೊರಡಿಸಿದರು. ಬೆಳಗಿನ ಪ್ಯಾಸೆಂಜರಿನಲ್ಲಿ, ಕಣ್ಣಿಗೆ ಇದ್ದಿಲ ಪುಡಿ ಬೀಳಿಸಿಕೊಂಡು, ಗುಬ್ಬಿ ದಾಟಿ ನಿಟ್ಟೂರಿನಲ್ಲಿ ಇಳಿದೆವು.

ಅಂಥ ಮನೆ ನಾನು ನೋಡಿಲ್ಲ. ಸಗಣಿ ಸಾರಿಸಿದ ನೆಲ ಅಂಗೈಯಂತಿತ್ತು. ಪಾತ್ರೆಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಂತಿದ್ದವು. ಹಿತ್ತಲಲ್ಲಿ ಭಟ್ಟಿ. ಹುಡುಗ ಮರಳು ಜಾಲಿಸುತ್ತಿದ್ದವನು ಎದ್ದು ನಿಂತ. ಆಕೆ ನಮ್ಮಿಬ್ಬರನ್ನು ನೋಡಿ, “ಬನ್ರವ್ವ, ಕೂತ್ಕಳಿ” ಎಂದಳು. ಇವರನ್ನು ನೋಡಿ, “ಇವ್ರು ಮತ್ತೆ ಬಂದ್ರಾ?” ಎಂದಳು. ಆದರೂ ಬಿಸಿ ಪುರಿಗೆ ಕಾಯಿತುರಿ, ಬೆಲ್ಲ ಕಲಸಿ ಮೂರು ತಟ್ಟೆ ತಂದಿಟ್ಟಳು.

ಇವರು ತಿನ್ನುತ್ತ ಸುತ್ತ ನೋಡಿದರು. ಕಾರಣ ಎಲ್ಲೂ ಕಾಣಲಿಲ್ಲ. ಹುಡುಗನನ್ನು ಕರೆದರು.

“ಅವತ್ತು ಹಸಿವಾಗಿತ್ತೇನಪ್ಪ?”

“ಇಲ್ಲ ಸಾ. ಮುದ್ದೆ ಉಂಡೇ ಹೋಗಿದ್ದೆ.”

“ಯಾರಾದ್ರೂ ಹೇಳ್ಕೊಟ್ರಾ? ಸ್ನೇಹಿತರು?”

“ಊಹೂಂ.”

“ಮತ್ಯಾಕೆ ಒಯ್ದೆ?”

ಹುಡುಗ ಸ್ವಲ್ಪ ಯೋಚಿಸಿದ. “ರಸ್ತೆ ಚೆನ್ನಾಗಿತ್ತು ಸಾ. ಸೈಕಲ್ಲೂ ಚೆನ್ನಾಗಿತ್ತು. ವಾಪಸ್ ತಿರುಗ್ಸೋಕೆ ಮನಸ್ಸಾಗ್ಲಿಲ್ಲ. ಕುಣಿಗಲ್ ಕೆರೆ ಏರಿ ಮ್ಯಾಲೆ ನಿಂತ್ಕಂಡಾಗ, ಈಗ ತಿರುಗ್ಸಬೈದು ಅನ್ನುಸ್ತು. ತಿರುಗ್ಸಲಿಲ್ಲ. ಆಮೇಲೆ ಸಾಬ್ರಿಗೆ ಹೆಂಗೆ ಮುಖ ತೋರ್ಸೋದು ಅಂತ ಮಾರ್ಬುಟ್ಟೆ.”

“ಅದೇ! ಮುಖ ತೋರಿಸೋಕೆ ಹೆದರಿಕೆ. ಯಾಕೆ ಹೆದರಿಕೆ? ಹಿಂದೆ ನೋಡು. ತಂದೆ ಇಲ್ಲ. ತಾಯಿ ಸಂತೆಗೆ ಹೋಗೋಳು. ಮನೇಲಿ ಕೇಳೋರು ಯಾರೂ ಇಲ್ಲ. ನೀನೇನು ಮಾಡ್ತೀಯ ಪಾಪ!” ಇವರ ಮುಖ ಅರಳಿತು. ಪುರಿಯ ತಟ್ಟೆ ಪಕ್ಕಕ್ಕಿಟ್ಟರು.

ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರು ಬಂದು ನಿಂತಳು. “ಏನು ಸ್ವಾಮಿ, ನಾನು ಸಂತೆಗೋದೆ, ಅದ್ಕೇ ಮಗ ಕಳ್ಳ ಆದ ಅಂತ ಬರೀತೀರಾ?”

“ಅವನ ಒಳ್ಳೇದಕ್ಕೇ ಕಣಮ್ಮ.”

“ಸಂತೆಗೆ ಹೋಗ್ದೆ ಮನೇಲೇ ಕುಂತಿದ್ರೆ ಏನು ಬರೀತಿದ್ರಿ?”

ಇವರು ಸುಳ್ಳು ಹೇಳುವವರಲ್ಲ. “ಬಡತನ ಅಂತ ಬರೀತಿದ್ದೆ” ಎಂದರು.

ಅಕ್ಕ ಕೆಮ್ಮಿದರು. ಪುರಿ ನೆತ್ತಿಗೇರಿತು ಎಂದುಕೊಳ್ಳಲಿ ಎಂದು ನಾನು ಅವರ ತಲೆ ತಟ್ಟಿದೆ.

“ನೋಡಮ್ಮ,” ಇವರು ದನಿ ತಗ್ಗಿಸಿದರು, “ಹೀಗೆ ಬರೀಲಿಲ್ಲ ಅಂದ್ರೆ ಅವನು ಬೇಕು ಅಂತಲೇ ಕದ್ದ ಅಂತಾಗುತ್ತೆ. ಜೈಲಿಗೆ ಹಾಕ್ತಾರೆ. ಆಮೇಲೆ ನಿನ್ನ ಮಗ ನಿನ್ನ ಮಗನಾಗಿ ಆಚೆ ಬರಲ್ಲ. ನಿಂಗೆ ಮಗ ಬೇಕೋ, ಹೆಸರು ಬೇಕೋ?”

ಭಟ್ಟಿಯಲ್ಲಿ ಸೌದೆ ಚಟಪಟ ಎನ್ನುತ್ತಿತ್ತು. ಆಕೆ ನಿಧಾನವಾಗಿ, ಇವರಿಗಲ್ಲ, ನಮ್ಮಿಬ್ಬರಿಗೆ ಹೇಳಿದಳು. “ಆ ಸೈಕಲ್ ಕೊಟ್ಟಿದ್ದು ನನ್ ಹೆಸ್ರಿಗೆ ಕಣ್ರವ್ವ. ಇವನ ಮುಖ ನೋಡಿ ಕೊಡ್ನಿಲ್ಲ. ಇವ್ನು ಸೈಕಲ್ ಕದ್ದವ್ನೆ, ಸೈಕಲ್ ಸಿಕ್ತು. ಈಗ ಹೆಸ್ರೂ ತಗಂಡೋಗಿ ಕೋಲ್ಟಲ್ಲಿ ಮಾರೋಕೆ ಇವ್ರು ಬಂದವ್ರೆ. ಅದು ಯಾವ ಪೊಲೀಸ್ರಿಗೆ ಸಿಗುತ್ತೆ?” ಸೆರಗಿನಿಂದ ಮುಖ ಒರೆಸಿಕೊಂಡಳು. “ಬುಡಿ. ಬರ್ಕಳಿ. ಮಗ ಉಳೀಲಿ.”

“ಅವ್ವ, ಸುಮ್ಕಿರು” ಎಂದ ಹುಡುಗ. “ಸಾ, ಕದ್ದಿದ್ದು ನಾನು. ಅವ್ವನ್ನ ಯಾಕೆ ಎಳೀತೀರಿ ಮಧ್ಯಕ್ಕೆ?”

“ನೀನಲ್ಲಪ್ಪ ಕದ್ದಿದ್ದು” ಎಂದರು ಇವರು, ಬಹಳ ಪ್ರೀತಿಯಿಂದ. “ನೀನು ಬೇಕು ಅಂತ ಮಾಡಿಲ್ಲ ಅನ್ನೋದನ್ನ ನೀನೇ ಮನಸ್ಸು ಮಾಡಿ ಒಪ್ಕೋಬೇಕು. ಮನಸ್ಸು ಮಾಡಿದ್ರೆ ಆಗುತ್ತೆ.”

ವಾಪಸು ಬರುವ ದಾರಿಯಲ್ಲಿ ಗುಬ್ಬಿಯಲ್ಲಿ ಇಳಿದು ಸೈಕಲ್ ಅಂಗಡಿಗೂ ಹೋದೆವು. ಸಾಬರು ಪಂಕ್ಚರ್ ತೊಟ್ಟಿಯಲ್ಲಿ ಟ್ಯೂಬು ಅದ್ದುತ್ತಿದ್ದರು. ಹುಡುಗನ ಮನೆಯ ವಾತಾವರಣ ಸರಿಯಿಲ್ಲ ಎಂದು ಅವರೂ ಒಂದು ಮಾತು ಹೇಳಿದರೆ ಅನುಕೂಲ ಎಂದು ಇವರ ಆಸೆ.

“ಅರೆ, ಏನ್ ಸಾಹೇಬ್ರೆ!” ಟ್ಯೂಬು ಹಿಡಿದುಕೊಂಡೇ ಅವರು ತಲೆ ಎತ್ತಿದರು. “ಆಯಮ್ಮನ ಮನೆ ಖರಾಬು ಅಂದ್ರೆ, ಖರಾಬು ಮನೆ ನಂಬಿ ಹೊಸ ಗಾಡಿ ಕೊಟ್ಟ ಬೇವಕೂಫ್ ನಾನು ಅಂತಾಯ್ತು. ನಾಳೆಯಿಂದ ನಾನು ‘ಯಾರ ಮಗ’ ಅಂತ ಕೇಳೋದು ಹೆಂಗೆ? ಅಂಗಡಿ ಮುಚ್ಚಲಾ? ಹುಡುಗ ಕದ್ದ, ತಪ್ಪು. ಎರಡೇಟು ಕೊಡಿ, ಬಿಡಿ. ಮನೆ ಸುದ್ದಿ ಬೇಡ.”

ಇವರು ಹೆಬ್ಬೆರಳು ಎತ್ತಿದರು. ಸಾಬರು, “ಹಿಂದೆ ಚರಂಡಿ ಇದೆ ಸಾಹೇಬ್ರೆ, ನೋಡ್ಕೊಂಡು” ಎಂದರು.

ವರದಿ ಹೋಯಿತು. ಶಿಕ್ಷೆ ಹೇಳುವ ದಿನ ಬೆಳಿಗ್ಗೆ ಇವರು ಗುಬ್ಬಿಗೆ ಹೊರಟರು. ಆ ಹುಡುಗ ನಮ್ಮ ಯಾರ ಮಗನೂ ಅಲ್ಲ, ಆದರೂ ಅಂದು ನಾನು ಎರಡು ಸಲ ಅನ್ನ ಸೀಯಿಸಿದೆ. ಸಂಜೆ ಅವರು ಬಂದರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಚಪ್ಪಲಿ ಬಿಡುವ ಮೊದಲೇ ಅಕ್ಕ ಕೇಳಿದರು.

“ಬಿಟ್ರೋ ಇಲ್ವೋ, ಮೊದ್ಲು ಅದು ಹೇಳಿ.”

“ಕೇಳೇ ಇಲ್ಲಿ. ಹೊಸದಾಗಿ ಬಂದಿರೋ ಮ್ಯಾಜಿಸ್ಟ್ರೇಟು. ಎಳೇ ವಯಸ್ಸು. ವರದಿಯ ಸಾರಾಂಶ ಹುಡುಗನಿಗೆ ಹೇಳಿದ್ರು. ಆಮೇಲೆ ನನ್ನ ಕಡೆ ತಿರುಗಿ ಏನಂದ್ರು ಗೊತ್ತಾ? ‘ಈ ಮನೆಯೇ ಇವನನ್ನ ಕಳ್ಳನ್ನ ಮಾಡಿದ್ದು ಅಂತೀರಿ. ಇವನನ್ನ ಮತ್ತೆ ಅದೇ ಮನೆಗೆ ಕಳಿಸಿ ಅಂತಲೂ ಅಂತೀರಿ. ಹೇಗೆ ಕಳಿಸಲಿ?’ ”

ಅಷ್ಟರಲ್ಲಿ ಅಂಗಳದಲ್ಲಿ ವಠಾರವೆಲ್ಲ ಸೇರಿತ್ತು. ಇಷ್ಟು ವರ್ಷ ಯಾರೂ ಕೇಳದೆ ಇದ್ದ ಪ್ರಶ್ನೆ ಅದು. ನಮಗೂ ಹೊಳೆದಿರಲಿಲ್ಲ.

“ನೀವೇನಂದ್ರಿ?”

“ನಾನೇನಂತೀನಿ? ಬಾಯಿ ತೆರೆದೆ. ಅಷ್ಟರಲ್ಲಿ ಆ ಹುಡುಗ, ‘ಸ್ವಾಮಿ, ಮನೆ ಚೆನ್ನಾಗೈತೆ. ನಮ್ಮವ್ವ ಚೆನ್ನಾಗೇ ಸಾಕವ್ಳೆ. ಸೈಕಲ್ ತಿರುಗ್ಸಬೈದಾಗಿತ್ತು, ನಾನೇ ತಿರುಗ್ಸಲಿಲ್ಲ. ಬೇಕು ಅಂತಲೇ ಮಾಡ್ದೆ. ಜೈಲಿಗೆ ಕಳ್ಸಿದ್ರೂ ಸರಿ, ಅವ್ವನ ಹೆಸ್ರು ಬರೆದಿರೋದು ಹೊಡೆದಾಕ್ಸಿ’ ಅಂದುಬಿಟ್ಟ. ಆ ತಾಯಿ ಹಿಂದೆ ಬೆಂಚಿನ ಹತ್ರ ನಿಂತಿದ್ಲು, ಅಲ್ಲೇ ಕುಸಿದ್ಲು.”

“ಅಯ್ಯೋ! ಆಮೇಲೆ?”

“ಆಮೇಲೇನು? ಮ್ಯಾಜಿಸ್ಟ್ರೇಟು ಕನ್ನಡಕ ತೆಗೆದು ಒರೆಸಿಕೊಂಡ್ರು. ‘ಇಂಥ ಮಾತು ಆಡೋ ಮಗನನ್ನ ಬೆಳೆಸಿದ ಮನೆಗೆ ಧಾರಾಳವಾಗಿ ಕಳಿಸಬಹುದು’ ಅಂದ್ರು. ಆ ಸೈಕಲ್ ಅಂಗಡಿಯವರೇ ಜಾಮೀನು ನಿಂತ್ರು. ಮನೆಗೆ ಹೋದ.”

ಅಕ್ಕ ಕೈ ಜೋಡಿಸಿದರು. ನಾವೆಲ್ಲ ನಕ್ಕೆವು. ಇವರು ಮಾತ್ರ ಗೆದ್ದು ಬಂದವರಂತೆ ಇರಲಿಲ್ಲ. ನಶ್ಯದ ಡಬ್ಬಿ ತೆರೆದರು, ಮುಚ್ಚಿದರು. ಕೊನೆಗೆ ಚಿಟಿಕೆ ಏರಿಸಿ, “ಅವನು ಹಾಗಂದಿದ್ದು ಯಾಕೆ ಹೇಳಿ? ಆ ತಾಯಿ ಹಾಗೆ ಬೆಳೆಸಿದ್ಲು, ಅದಕ್ಕೇ ಅಂದ. ಅವನ ಕೈಲಿ ಏನಿದೆ? ಹಿಂದೆ ನೋಡಿ” ಎಂದು ಹೆಬ್ಬೆರಳು ತೋರಿಸಿದರು. ಆಗ ಅವರಿಗೆ ಸಮಾಧಾನವಾಯಿತು. ಊಟಕ್ಕೆ ಕೂತರು. ಸಾರಿನಲ್ಲಿ ಉಪ್ಪು ಜಾಸ್ತಿಯಾಗಿತ್ತು. ಬೇಕು ಅಂತಲೇ ಹಾಕಿದ್ದೀಯ ಎಂದು ಬೈದದ್ದು ನಮ್ಮ ಮನೆಯವರೆಗೂ ಕೇಳಿಸಿತು.

ನಿವೃತ್ತರಾದ ಮೇಲೆ ಅವರು ಕುಣಿಗಲ್ಲಿಗೆ ಹೋದರು. ನಾವೂ ವಠಾರ ಬಿಟ್ಟೆವು. ಸಾವಿನ ಸುದ್ದಿ ತಿಳಿದು ಅಕ್ಕನನ್ನು ಮಾತಾಡಿಸಿ ಬರೋಣವೆಂದು ನಾನು ಕುಣಿಗಲ್ ಮೇಲೆ ಅಮೃತೂರಿಗೆ ಹೋಗುವ ಖಾಸಗಿ ಬಸ್ಸು ಹತ್ತಿದೆ. ಹೆಂಗಸರ ಸೀಟು ಡ್ರೈವರಿನ ಪಕ್ಕವೇ. ಡ್ರೈವರು ಕನ್ನಡಿಯಲ್ಲಿ ಎರಡು ಮೂರು ಸಲ ನನ್ನನ್ನು ನೋಡಿದ.

“ಅಮ್ಮಾ, ನೀವು ಸಾಹೇಬ್ರ ಜತೆ ನಿಟ್ಟೂರಿಗೆ ಬಂದಿದ್ರಿ ಅಲ್ವಾ? ಪುರಿ ತಿಂದ್ರಿ.”

ಅದೇ ಹುಡುಗ, ಮೈ ತುಂಬಿಕೊಂಡಿದ್ದ, ಮೀಸೆ ಬಂದಿತ್ತು. ಅವ್ವ ಹೇಗಿದ್ದಾಳೆ ಎಂದೆ. ಗಟ್ಟಿಮುಟ್ಟಾಗಿ ಇದ್ದಾಳಂತೆ, ಈಗಲೂ ಸಂತೆಗೆ ಹೋಗುತ್ತಾಳಂತೆ. ಡ್ರೈವರ್ ಕೆಲಸ ಹೇಗೆ ಸಿಕ್ಕಿತು ಎಂದೆ.

“ಓನರ್ರು ಯಾರ ಮಗ ಅಂತ ಕೇಳಿದ್ರು. ಹೇಳ್ದೆ.” ನಕ್ಕ. “ನೋಡ್ರಮ್ಮ, ಅವತ್ತು ಒಂದು ಸೈಕಲ್ ವಾಪಸ್ ತರಕ್ಕಾಗ್ಲಿಲ್ಲ. ಈಗ ದಿನಾ ಇಡೀ ಬಸ್ಸೇ ಕುಣಿಗಲ್ ಮ್ಯಾಲಿಂದ ವಾಪಸ್ ತರ್ತೀನಿ.”

ಸಾಹೇಬರು ಹೋದದ್ದು ಹೇಳಿದೆ. ಅವನಿಗೆ ಗೊತ್ತಿತ್ತು, ಮಣ್ಣಿಗೆ ಹೋಗಿದ್ದನಂತೆ. ಕೆರೆ ಏರಿ ಬಂದಾಗ ಗೇರು ಬದಲಾಯಿಸುತ್ತ ಹೇಳಿದ: “ಜೈಲು ತಪ್ಸಬೇಕು ಅಂತ ನಂಗೋಸ್ಕರ ಎಷ್ಟು ಓಡಾಡಿದ್ರು. ಮರೆಯಂಗಿಲ್ಲ. ಮುಚ್ಚಳಿಕೆ ಮುಗಿದ್ ಮೇಲೂ ವರ್ಸಕ್ಕೊಂದ್ ಸಲ ಹೋಗಿ ಕೈ ಮುಗಿದು ಬರ್ತಿದ್ದೆ. ಆದ್ರೆ ಅಮ್ಮಾ, ಕೊನೇವರ್ಗೂ ನಾನೇ ಕದ್ದೆ ಅಂತ ಅವ್ರು ಒಪ್ಪಲೇ ಇಲ್ಲ.”

ಇದನ್ನು ನಾನು ಹಾಗೇ ಒಯ್ದು ಅಕ್ಕನ ಮುಂದಿಟ್ಟೆ. ಬರಿ ಹಣೆಯ ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಮೊದಲು ತುಟಿ ಅಲುಗಿತು, ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡರು. ಮಗಳು ಒಳಗಿನಿಂದ ಗಾಬರಿಯಾಗಿ ಇಣುಕಿದಳು.

“ನನ್ನನ್ನೂ ಒಂದು ಸಲ ಬಿಡುಗಡೆ ಮಾಡಿದ್ರು ಕಣೇ,” ಎಂದರು ಅಕ್ಕ, ಕಣ್ಣೊರೆಸಿಕೊಂಡು. “ಕೊನೇಲಿ ಡಾಕ್ಟ್ರು ಉಪ್ಪು ಕಮ್ಮಿ ಮಾಡಿ ಅಂದಿದ್ರಲ್ಲ. ಒಂದಿನ ಈ ಗೋಡೆಗೇ ಒರಗಿಸಿ ಕೂರಿಸಿ ಉಣ್ಣಿಸ್ತಿದ್ದೆ. ಸಾರು ಬಾಯಿಗಿಟ್ರು. ಬೈತಾರೆ ಅಂದ್ಕೊಂಡೆ. ‘ಉಪ್ಪೇ ಇಲ್ಲ. ಹೋಗ್ಲಿ ಬಿಡು, ನಿನ್ನ ತಪ್ಪಲ್ಲ, ಡಾಕ್ಟ್ರು ಹೇಳಿರೋದು’ ಅಂದ್ರು. ಮದುವೆಯಾದಾಗಿನಿಂದ ಅದೇ ಮೊದಲು.”

“ನೀವೇನಂದ್ರಿ ಅಕ್ಕ?”

“ಆ ನಿಟ್ಟೂರಿನ ಹುಡುಗ ನೆನಪಾದ. ಯಾಕೋ ಸುಮ್ಮನಿರೋಕೆ ಆಗ್ಲಿಲ್ಲ. ‘ಡಾಕ್ಟ್ರು ಹೇಳಿದ್ದು ಕಮ್ಮಿ ಹಾಕಿ ಅಂತ. ಪೂರ್ತಿ ಬಿಟ್ಟಿದ್ದು ನಾನು. ನೀವು ಇನ್ನೊಂದಿಷ್ಟು ದಿನ ಇರ್ಬೇಕು ಅಂತ, ಬೇಕು ಅಂತಲೇ ಬಿಟ್ಟಿದ್ದು’ ಅಂದೆ.”

“ಅವರು?”

“ಅಭ್ಯಾಸ ನೋಡು, ಹೆಬ್ಬೆರಳು ಎತ್ತಿದ್ರು. ಹಿಂದೆ ಗೋಡೆ ಇತ್ತಲ್ಲ, ತಗುಲ್ತು. ಹಾಗೇ ನನ್ನ ಮುಖ ನೋಡಿದ್ರು ಸ್ವಲ್ಪ ಹೊತ್ತು. ‘ಹಾಗಾದ್ರೆ ನಿಂದೇ’ ಅಂದ್ರು.” ಅಕ್ಕ ಗೋಡೆಯ ಆ ಜಾಗವನ್ನು ಅಂಗೈಯಲ್ಲಿ ಸವರಿದರು. “ತಟ್ಟೇಲಿ ಒಂದಗುಳು ಬಿಡದೆ ಉಂಡ್ರು.”